ನಮ್ಮ ಸಿನಿಮಾ ಇತಿಹಾಸ – ಭಾಗ 4: ಕೌಬಾಯ್ ಆದ ಕುಳ್ಳ

ಆನೆಗೊಂದಿ ಬಂಡೆ ನೋಡಿದ್ರ ಕೌಬಾಯ್ ಸಿನಿಮಾ ನೆನಪಾಗ್ತದಲ್ಲ? ಕನ್ನಡದಾಗೂ ಒಬ್ಬ ಕೌಬಾಯ್ ಬಂದು ಐವತ್ತು ವರ್ಷ ದಾಟ್ಯಾವ!

ಹಾಲಿವುಡ್ ಕೌಬಾಯ್ ಅಂದ್ರ ಜಾನ್ ವೇನ್ ಥರ ಆರಡಿ ಮೀರಿದ ಆಳು. ನಮ್ಮಲ್ಲಿ ಆ ಪಟ್ಟ ಸಿಕ್ಕಿದ್ದು ಹುಣಸೂರಿನ ದ್ವಾರಕೀಶ್ ಅವರಿಗೆ: 1973ರ ‘ಕೌಬಾಯ್ ಕುಳ್ಳ’. ಅದಕ್ಕೂ ಮೊದಲು, 1972ರಲ್ಲಿ, ಬಾಂಡ್ ಸಿನಿಮಾಗಳ ಗೇಲಿ ‘ಕುಳ್ಳ ಏಜೆಂಟ್ 000’. 1975ರಲ್ಲಿ ‘ಕಳ್ಳ ಕುಳ್ಳ’: ಎತ್ತರದ ವಿಷ್ಣುವರ್ಧನ್ ಪಕ್ಕ ಗಿಡ್ಡ ದ್ವಾರಕೀಶ್. ಜೋಡಿ ಹೊಂದಂಗಿಲ್ಲ, ಮಜಾ ಇರೋದೇ ಅಲ್ಲಿ! ಇಂಥ ಸಿನಿಮಾದಾಗ ಕಥೆ ಅಲ್ಲಲ್ಲಿ ಕುಂಟ್ತದ, ನಗು ಕುಂಟಂಗಿಲ್ಲ.

ಕ್ಲಾಸಿನಾಗ ‘ಕುಳ್ಳ’ ಅಂದ್ರ ಚುಚ್ಚುಮಾತು. ಪೋಸ್ಟರಿನ ಮ್ಯಾಲ ಅದೇ ಹೀರೋ ಹೆಸರಾಯ್ತು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಜನ ‘ಪ್ರಚಂಡ ಕುಳ್ಳ’ ಅಂತ ಪ್ರೀತಿಯಿಂದನೇ ಕಳಿಸಿಕೊಟ್ರು.

ಗಿಡ್ಡ ಇರೋ ಗೆಳೆಯನ್ನ ಟ್ಯಾಗ್ ಮಾಡ್ರಿ. ಆದ್ರ ಹೀರೋ ಅಂತ ಕರೀರಿ!