ಮೈಸೂರಿನ ಗಂಧ, ದರೀಬಾದ ಅತ್ತರು



ಕಳೆದ ಚಳಿಗಾಲದಲ್ಲಿ ಸಾಗರದಿಂದ ನಮ್ಮ ದೊಡ್ಡಮ್ಮ ದೆಹಲಿಗೆ ಬಂದಿದ್ದರು. ಕೆಂಪುಕೋಟೆ ನೋಡಿ, ಪರಾಠೆ ತಿಂದು, ಚಾಂದನಿ ಚೌಕದ ನೂಕುನುಗ್ಗಲಿನಲ್ಲಿ ಹೇಗೋ ದಾರಿ ಮಾಡಿಕೊಂಡು ದರೀಬಾ ಕಲಾನ್ ಗಲ್ಲಿಗೆ ಹೋದೆವು. ಬೆಳ್ಳಿ ಅಂಗಡಿಗಳ ನಡುವೆ ಅತ್ತರಿನ ಅಂಗಡಿಗಳಿರುವ ಗಲ್ಲಿ ಅದು. ಗುಲಾಬ್ ಸಿಂಗ್ ಜೋಹ್ರಿಮಲ್ ಎಂಬ ಹೆಸರಿನ ಅತ್ತರು ವ್ಯಾಪಾರ 1816ರಲ್ಲಿ ಶುರುವಾದದ್ದೂ ಇಲ್ಲಿಯೇ. ನಾವು ಹೊಕ್ಕದ್ದು ಬೇರೊಂದು ಸಣ್ಣ ಅಂಗಡಿ. ದೊಡ್ಡಮ್ಮ ದೇವರ ಪೂಜೆಗೆಂದು ಗಂಧದೆಣ್ಣೆ ಕೇಳಿದರು. ಅಂಗಡಿಯಾತ ಬೆಲೆ ಹೇಳಿದ. ದೊಡ್ಡಮ್ಮ ಸೆರಗು ಬಾಯಿಗೆ ಹಿಡಿದುಕೊಂಡರು!

ನಾವು ಕರ್ನಾಟಕದವರೆಂದು ತಿಳಿದ ಮೇಲೆ ಆತ ನಕ್ಕು, "ಗಂಧದ ನಾಡಿನವರು ದಿಲ್ಲಿಗೆ ಬಂದು ಗಂಧ ಕೇಳುತ್ತೀರಲ್ಲ!" ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ದೊಡ್ಡಮ್ಮ ತಕ್ಷಣ, "ನಮ್ಮೂರಲ್ಲಿ ಈಗ ಗಂಧ ಇರೋದು ಸಾಬೂನಿನಲ್ಲಿ ಮಾತ್ರ ಕಣಪ್ಪಾ ಅಂತ ಹೇಳು" ಎಂದರು. ತಮಾಷೆಗೆ ಆಡಿದ ಮಾತೇ ಆದರೂ ಅದು ನನ್ನ ತಲೆಯಲ್ಲಿ ಕೊರೆಯತೊಡಗಿತು. ಗಂಧದ ನಾಡಿನಲ್ಲಿ ಗಂಧ ಕಡಿಮೆಯಾದದ್ದು ಹೇಗೆ? ಈ ಸಲದ ನಮ್ಮ ಪತ್ರಿಕೆಯಲ್ಲಿ ಆ ಕಥೆಯನ್ನೇ ಹೇಳೋಣ ಎನಿಸಿತು.

ಮೊದಲು ಮರದ ವಿಷಯ. ಶ್ರೀಗಂಧ ಅರೆ ಪರಾವಲಂಬಿ ಮರ. ಅದರ ಬೇರು ಪಕ್ಕದ ಗಿಡಮರಗಳ ಬೇರಿಗೆ ಅಂಟಿಕೊಂಡು ಸಾರ ಹೀರುತ್ತದೆ. ಆದ್ದರಿಂದ ಒಂಟಿಯಾಗಿ ನೆಟ್ಟರೆ ಸೊರಗುತ್ತದೆ, ಬೇಲಿಯ ನಡುವೆ, ಕುರುಚಲು ಕಾಡಿನಲ್ಲಿ ಚೆನ್ನಾಗಿ ಬರುತ್ತದೆ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಲ್ಲೋ ಬೀಳಿಸುವುದರಿಂದ ಯಾರೂ ನೆಡದಿದ್ದರೂ ಸಸಿ ಹುಟ್ಟುತ್ತದೆ. ಹೊರಗಿನ ಬಿಳಿಮರದಲ್ಲಿ ಪರಿಮಳವಿಲ್ಲ. ಎಣ್ಣೆ ಇರುವುದು ಒಳಗಿನ ಚೇಗಿನಲ್ಲಿ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬೇರಿನಲ್ಲಿ. ಅದಕ್ಕೇ ಗಂಧದ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಅಗೆದು ತೆಗೆಯುತ್ತಾರೆ. ಚೇಗು ಕಟ್ಟಲು ಹತ್ತು ಹದಿನೈದು ವರ್ಷ, ಒಳ್ಳೆಯ ಎಣ್ಣೆ ಬರಲು ಮೂವತ್ತು ವರ್ಷದ ಮೇಲೆಯೇ ಬೇಕು. ಎಂದರೆ ಅಪ್ಪ ನೆಟ್ಟ ಮರದ ಫಲ ಮಗನಿಗೆ.

ಇಷ್ಟು ಬೆಲೆಯುಳ್ಳ ಮರವನ್ನು ಅರಸರು ಸುಮ್ಮನೆ ಬಿಟ್ಟಾರೆಯೇ? 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಮರ ಯಾರ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ ಸ್ವತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜ್ಯ ಒಡೆಯರ ಕೈಗೆ ಬಂದರೂ ಈ ಪದ್ಧತಿ ಮಾತ್ರ ಬದಲಾಗಲಿಲ್ಲ. ಕಾಡಿನಿಂದ ಬಂದ ಮರವನ್ನು ಸರ್ಕಾರದ ಗಂಧದ ಕೋಠಿಗಳಲ್ಲಿ ಕೆತ್ತಿ, ದರ್ಜೆವಾರು ವಿಂಗಡಿಸಿ, ಹರಾಜು ಹಾಕುತ್ತಿದ್ದರು. ಸೊರಬ, ಸಾಗರದ ಗುಡಿಗಾರರ ಕೈಗೆ ಕೆತ್ತನೆಗೆಂದು ಬರುತ್ತಿದ್ದುದು ಅದರಲ್ಲಿ ಅಲ್ಪ ಪಾಲು. ದೊಡ್ಡ ಪಾಲು ಹಡಗು ಹತ್ತಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಲೈಪ್‌ಜಿಗ್ ಬಳಿಯ ಶಿಮ್ಮೆಲ್‌ನಂಥ ಕಂಪನಿಗಳು ಅಲ್ಲಿ ಅದನ್ನು ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಿದ್ದವು. ಆ ಕಾಲದಲ್ಲಿ ಗಂಧದೆಣ್ಣೆ ಬರೀ ಸುಗಂಧದ್ರವ್ಯವಲ್ಲ, ಔಷಧಿಯೂ ಹೌದು. ಪೆನ್ಸಿಲಿನ್ ಬರುವ ಮೊದಲು ಮೂತ್ರನಾಳದ ಗುಹ್ಯರೋಗಗಳಿಗೆ ವೈದ್ಯರು ಅದನ್ನೇ ಕೊಡುತ್ತಿದ್ದರು. ಮರ ನಮ್ಮದು, ಎಣ್ಣೆಯ ಲಾಭ ಅವರದು. ಹೀಗೇ ನಡೆದಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಜರ್ಮನಿ ಬ್ರಿಟನ್ನಿನ ಶತ್ರುದೇಶ. ಒಂದೇ ಏಟಿಗೆ ಆ ವ್ಯಾಪಾರ ನಿಂತುಹೋಯಿತು. ಕೊಳ್ಳುವವರಿಲ್ಲದೆ ಮೈಸೂರಿನ ಕೋಠಿಗಳಲ್ಲಿ ಗಂಧದ ಮರ ರಾಶಿ ಬಿತ್ತು. ಸರ್ಕಾರದ ಬೊಕ್ಕಸಕ್ಕೆ ಬರುತ್ತಿದ್ದ ಆದಾಯಕ್ಕೆ ಕಲ್ಲು ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದವರು ಆಲ್ಫ್ರೆಡ್ ಚಾಟರ್‌ಟನ್. ಮರವನ್ನು ಮಾರಲಾಗದಿದ್ದರೆ ಎಣ್ಣೆಯನ್ನೇ ನಾವು ಏಕೆ ತೆಗೆಯಬಾರದು ಎಂಬ ಯೋಚನೆ ಅವರಿಗೆಲ್ಲ ಬಂತು.

ಯೋಚನೆ ಸುಲಭ, ಕೆಲಸ ಕಷ್ಟ. ಮಲ್ಲಿಗೆಯ ಹಾಗೆ ಗಂಧ ತನ್ನ ಪರಿಮಳವನ್ನು ಬೇಗ ಬಿಟ್ಟುಕೊಡುವುದಿಲ್ಲ. ಚೇಗನ್ನು ಚಕ್ಕೆ ಮಾಡಿ, ಪುಡಿ ಮಾಡಿ, ಅದರ ಮೂಲಕ ಎರಡು ಮೂರು ದಿನ ಹಬೆ ಹಾಯಿಸಬೇಕು. ಹಬೆಯೊಂದಿಗೆ ಮೇಲೇರಿದ ಎಣ್ಣೆಯನ್ನು ತಣಿಸಿ ನೀರಿನಿಂದ ಬೇರ್ಪಡಿಸಬೇಕು. ಇಲ್ಲಿ ನೆರವಿಗೆ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ನಡೆಸಿದರು. ಸ್ಯಾಂಟಲಾಲ್ ಎಂಬ ಅಂಶ ನೂರಕ್ಕೆ 90ರಷ್ಟಾದರೂ ಇರುವುದು ಒಳ್ಳೆಯ ಗಂಧದೆಣ್ಣೆಯ ಲಕ್ಷಣ. ಮೈಸೂರಿನ ಎಣ್ಣೆ ಆ ಪರೀಕ್ಷೆಯಲ್ಲಿ ಗೆದ್ದಿತು. 1916–17ರ ಹೊತ್ತಿಗೆ ಬೆಂಗಳೂರಿನಲ್ಲಿ ಸಣ್ಣದಾಗಿ, ಆಮೇಲೆ ಮೈಸೂರಿನಲ್ಲಿ ದೊಡ್ಡದಾಗಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ನಡೆಯತೊಡಗಿತು. ಯುದ್ಧ ಮುಗಿಯುವ ವೇಳೆಗೆ, ಮರ ಮಾರುತ್ತಿದ್ದ ರಾಜ್ಯ ಎಣ್ಣೆ ಮಾರುವ ರಾಜ್ಯವಾಗಿತ್ತು. ಮುಂದೆ 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಕಾರ್ಖಾನೆ ಬಂತು.

ಸಾಬೂನಿನ ಕಥೆ ನಿಮಗೆಲ್ಲ ಗೊತ್ತಿರಬಹುದು. ಗಂಧದೆಣ್ಣೆಯಿಂದ ಮಾಡಿದ ಸಾಬೂನನ್ನು ವಿದೇಶಿ ಅತಿಥಿಯೊಬ್ಬರು ಮಹಾರಾಜರಿಗೆ ಕಾಣಿಕೆ ಕೊಟ್ಟರಂತೆ. ಎಣ್ಣೆ ನಮ್ಮದಾಗಿರುವಾಗ ಸಾಬೂನು ಏಕೆ ನಮ್ಮದಾಗಬಾರದು ಎಂದು ಮಹಾರಾಜರಿಗೆ ಅನ್ನಿಸಿತಂತೆ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನು ತಯಾರಿಕೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಅವರು ಕಲಿತು ಬಂದು, ಮುಂದೆ 'ಸೋಪ್ ಶಾಸ್ತ್ರಿ' ಎಂದೇ ಹೆಸರಾದರು. 1918ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್ ಬಳಿ ಮೈಸೂರು ಸ್ಯಾಂಡಲ್ ಸೋಪು ತಯಾರಾಯಿತು. ಮೊಟ್ಟೆಯಾಕಾರದ ಸಾಬೂನು, ಒಡವೆ ಪೆಟ್ಟಿಗೆಯಂಥ ಡಬ್ಬಿ, ಅದರ ಮೇಲೆ ಸಿಂಹದ ಮೈ, ಆನೆಯ ತಲೆಯ ಶರಭ. ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳೂ ಅಜ್ಜಿ ಮನೆಯ ಬಚ್ಚಲನ್ನು ನೆನೆಯುವುದು ಆ ವಾಸನೆಯಿಂದಲೇ ಅಲ್ಲವೇ? 1980ರಲ್ಲಿ ಸಾಬೂನು ಮತ್ತು ಎಣ್ಣೆ ಕಾರ್ಖಾನೆಗಳೆಲ್ಲ ಸೇರಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು.

ಆದರೆ ದೆಹಲಿಯಲ್ಲಿ ಕುಳಿತು ನೋಡುವ ನಮಗೆ ಕಾಣುವ ಇನ್ನೊಂದು ಮುಖವಿದೆ. ಇಲ್ಲಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿ ಗಂಗೆಯ ಬಯಲಿನಲ್ಲಿ ಕನೌಜ್ ಇದೆ. ಹರ್ಷವರ್ಧನನ ರಾಜಧಾನಿಯಾಗಿದ್ದ ಊರು. ನಮ್ಮ ಇಮ್ಮಡಿ ಪುಲಕೇಶಿ ತಡೆದು ನಿಲ್ಲಿಸಿದ್ದನಲ್ಲ, ಅದೇ ಹರ್ಷ! ಆ ಊರಿನ ಕುಲಕಸುಬು ಅತ್ತರು. 'ದೇಗ್' ಎಂಬ ತಾಮ್ರದ ಹಂಡೆಯಲ್ಲಿ ಗುಲಾಬಿಯನ್ನೋ ಕೇದಗೆಯನ್ನೋ ನೀರಿನೊಂದಿಗೆ ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಕೆಳಗೆ ಸೌದೆ ಒಲೆ ಹಚ್ಚುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹರಿದು, ನೀರಿನ ತೊಟ್ಟಿಯಲ್ಲಿ ಕೂರಿಸಿದ 'ಭಪ್ಕಾ' ಎಂಬ ಪಾತ್ರೆಗೆ ಇಳಿಯುತ್ತದೆ. ಆ ಭಪ್ಕಾದಲ್ಲಿ ಮೊದಲೇ ಇಟ್ಟಿರುವುದು ಏನು ಗೊತ್ತೇ? ಗಂಧದೆಣ್ಣೆ. ಹೂವಿನ ಪರಿಮಳವನ್ನು ಹೀರಿ ಹಿಡಿದಿಟ್ಟುಕೊಳ್ಳುವುದು ಅದೇ. ದಿನದಿನವೂ ಹೊಸ ಹೂ ಹಾಕಿ, ಅದೇ ಎಣ್ಣೆಗೆ ಮತ್ತೆ ಮತ್ತೆ ಪರಿಮಳ ಊಡಿಸುತ್ತಾರೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಸುಟ್ಟ ಮಣ್ಣಿನಿಂದ ಹಿಡಿಯುವ 'ಮಿಟ್ಟಿ ಅತ್ತರ್' ಕೂಡ ಹೀಗೆಯೇ ತಯಾರಾಗುವುದು. ಎಂದರೆ ಉತ್ತರದ ಗುಲಾಬಿ ದಕ್ಷಿಣದ ಗಂಧದ ಮಡಿಲಲ್ಲಿ ಕುಳಿತು ದರೀಬಾದ ಶೀಶೆಗೆ ಬರುತ್ತಿತ್ತು.

'ಬರುತ್ತಿತ್ತು' ಎಂದು ಬೇಕೆಂದೇ ಬರೆದೆ. ಗಂಧದೆಣ್ಣೆ ದುಬಾರಿಯಾಗಿ, ಸಿಗುವುದೇ ಕಷ್ಟವಾದ ಮೇಲೆ ಅಗ್ಗದ ಅತ್ತರುಗಳಿಗೆ ಲಿಕ್ವಿಡ್ ಪ್ಯಾರಾಫಿನ್‌ನಂಥ ವಾಸನೆಯಿಲ್ಲದ ಎಣ್ಣೆಗಳು ಬಂದವು. ಕೆಲಸ ನಡೆಯುತ್ತದೆ, ಆದರೆ ಅತ್ತರಿಗೆ ಆ ಆಳ ಬರುವುದಿಲ್ಲ. ನಿಜವಾದ ಗಂಧದ ಮೇಲೆ ಇಳಿಸಿದ ಅತ್ತರು ಈಗ ಸಿರಿವಂತರ ಪಾಲು.

ಹಾಗಾದರೆ ಮರ ಹೋದದ್ದೆಲ್ಲಿ? ಒಂದು ಕಾರಣ ರೋಗ. ಎಲೆ ಸಣ್ಣದಾಗಿ ಮುಳ್ಳಿನಂತೆ ಸೆಟೆದು, ಕೆಲವೇ ವರ್ಷಗಳಲ್ಲಿ ಮರವೇ ಒಣಗುವ ಸ್ಪೈಕ್ ರೋಗ 1899ರಲ್ಲಿ ಕೊಡಗಿನಲ್ಲಿ ಮೊದಲು ಕಣ್ಣಿಗೆ ಬಿತ್ತು. ಅದಕ್ಕೆ ಇಂದಿಗೂ ಮದ್ದಿಲ್ಲ. ಇನ್ನೊಂದು ಕಾರಣ ಕಳ್ಳತನ. 2004ರ ಅಕ್ಟೋಬರ್ 18ರಂದು ಸತ್ತ ವೀರಪ್ಪನ್ ಹೆಸರು ಎಲ್ಲರಿಗೂ ಗೊತ್ತು. ಅವನು ಸತ್ತ ಮೇಲೂ ಗರಗಸದ ಸದ್ದು ನಿಂತಿಲ್ಲ. 1950ರ ದಶಕದಲ್ಲಿ ದೇಶದಲ್ಲಿ ವರ್ಷಕ್ಕೆ ಅಂದಾಜು 4,000 ಟನ್ ಗಂಧದ ಮರ ಸಿಗುತ್ತಿತ್ತು. ಈ ಶತಮಾನದ ಮೊದಲ ದಶಕದ ಹೊತ್ತಿಗೆ ಅದು ಕೆಲವು ನೂರು ಟನ್‌ಗೆ ಇಳಿಯಿತು.

ಆದರೆ ನನ್ನ ಮಟ್ಟಿಗೆ ಮೂರನೆಯ ಕಾರಣವೇ ದೊಡ್ಡದು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜ ಮಳೆಗಾಲ ಮುಗಿದ ಮೇಲೆ ತೋಟದ ಬೇಲಿ ಸುತ್ತಿ ಬರುತ್ತಿದ್ದರು. ಹಕ್ಕಿ ಬೀಳಿಸಿದ ಬೀಜದಿಂದ ಎದ್ದ ಗಂಧದ ಸಸಿ ಕಂಡರೆ ಬಗ್ಗಿ ಕಿತ್ತು ಎಸೆಯುತ್ತಿದ್ದರು. ದೇವರಿಗೆ ದಿನವೂ ಸಾಣೆಕಲ್ಲಿನ ಮೇಲೆ ಗಂಧ ತೇಯುವ ಅಜ್ಜ! ಯಾಕೆಂದು ಕೇಳಿದರೆ, "ಬೆಳೆದರೆ ಮರ ಸರ್ಕಾರದ್ದು, ಕದ್ದುಹೋದರೆ ಕೇಸು ನನ್ನ ಮೇಲೆ. ನಮಗ್ಯಾಕೆ ಬೇಕು ಮಾರಾಯ" ಎನ್ನುತ್ತಿದ್ದರು. ಮರ ತೆಗೆದಾಗ ಜಮೀನಿನ ಮಾಲೀಕನಿಗೆ ಬೆಲೆಯ ಒಂದು ಪಾಲು ಕೊಡುವ ಪದ್ಧತಿ ಇದ್ದರೂ ಅಜ್ಜನಂಥವರಿಗೆ ಅದಕ್ಕಿಂತ ಭಯವೇ ದೊಡ್ಡದಾಗಿತ್ತು. ಹೀಗೆ ಎಷ್ಟು ಬೇಲಿಗಳಲ್ಲಿ ಎಷ್ಟು ಸಸಿ ಹೋದವೋ, ಲೆಕ್ಕ ಇಟ್ಟವರಾರು? ಯಾವ ಕಾನೂನು ಸರ್ಕಾರಕ್ಕೆ ಮರವನ್ನು ಕೂಡಿಸಿಕೊಟ್ಟು ಕಾರ್ಖಾನೆ ಕಟ್ಟಿಸಿತೋ, ಅದೇ ಕಾನೂನು ಆ ಮರ ಮತ್ತೆ ಹುಟ್ಟದಂತೆ ಮಾಡಿತು.

2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ಬಂದು, ಜಮೀನು ಯಾರದೋ ಗಂಧದ ಮರವೂ ಅವರದೇ ಎಂದಾಯಿತು. ಮರುವರ್ಷ ತಮಿಳುನಾಡೂ ಹಾಗೆಯೇ ಮಾಡಿತು. ಟಿಪ್ಪುವಿನ ಆಜ್ಞೆ ಸಡಿಲವಾಗಲು ಇನ್ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು! ಈಗ ಬಯಲುಸೀಮೆಯ ರೈತರೂ ಗಂಧ ನೆಡುತ್ತಿದ್ದಾರೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಅವರಿಗೆ ತರಬೇತಿ ಕೊಡುತ್ತದೆ. ಆದರೂ ಕಾವಲು ಕಾಯುವ ಚಿಂತೆ ತಪ್ಪಿಲ್ಲ. ಉತ್ತರ ಪ್ರದೇಶದ ಬಾರಾಬಂಕಿಯ ರೈತ ಪುದೀನಾ ಜಾತಿಯ ಮೆಂಥಾ ನೆಟ್ಟರೆ ಮೂರ್ನಾಲ್ಕು ತಿಂಗಳಲ್ಲಿ ಎಣ್ಣೆ ಮಾರಿ ಹಣ ಎಣಿಸುತ್ತಾನೆ. ಗಂಧ ನೆಟ್ಟವನು ಹದಿನೈದು ಇಪ್ಪತ್ತು ವರ್ಷ ರಾತ್ರಿ ನಿದ್ದೆಗೆಟ್ಟು ಕಾಯಬೇಕು. ಅತ್ತ ಪಶ್ಚಿಮ ಆಸ್ಟ್ರೇಲಿಯಾದ ಕುನುನರಾದಲ್ಲಿ ನಮ್ಮದೇ ಜಾತಿಯ ಶ್ರೀಗಂಧವನ್ನು ಸಾವಿರಾರು ಎಕರೆಯಲ್ಲಿ ತೋಟದ ಬೆಳೆಯಾಗಿ ಬೆಳೆದಿದ್ದಾರೆ. ಅಂದು ಜರ್ಮನಿ ನಮ್ಮ ಮರದಿಂದ ಎಣ್ಣೆ ತೆಗೆಯುತ್ತಿತ್ತು, ಇಂದು ಮರವೇ ಬೇರೆ ನೆಲದಲ್ಲಿ ಬೇರೂರಿದೆ.

ದೊಡ್ಡಮ್ಮ ಅಂದು ದರೀಬಾದಲ್ಲಿ ಕೊನೆಗೂ ಗಂಧದೆಣ್ಣೆ ಕೊಂಡರು, ಬೆರಳಿನ ಉಗುರಿನಷ್ಟು ಶೀಶೆಯಲ್ಲಿ. ಮೊನ್ನೆ ಫೋನ್ ಮಾಡಿದಾಗ ಇನ್ನೊಂದು ಸುದ್ದಿ ಹೇಳಿದರು. ಅಜ್ಜನ ತೋಟದ ಬೇಲಿಯಲ್ಲಿ ಮತ್ತೆ ಎರಡು ಗಂಧದ ಸಸಿ ಎದ್ದಿವೆಯಂತೆ. "ಕಿತ್ತಿಲ್ಲ ತಾನೇ?" ಎಂದು ಗಾಬರಿಯಿಂದ ಕೇಳಿದೆ. "ಇಲ್ಲ ಕಣೋ, ಪಕ್ಕದಲ್ಲಿ ಒಂದು ತೊಗರಿ ಗಿಡ ಹಾಕಿದ್ದೇನೆ, ಹೀರಿಕೊಳ್ಳಲಿ" ಎಂದರು.

ಕೇಳುಗರೇ, ನಿಮ್ಮ ಊರಿನ ಬೇಲಿಯಲ್ಲಿಯೂ ಗಂಧದ ಮರವಿತ್ತೇ? ನಿಮ್ಮ ಮನೆಯ ಹಿರಿಯರು ಅದನ್ನು ಏನು ಮಾಡಿದರು? ನಮಗೆ ಬರೆದು ತಿಳಿಸಿ. ಆಯ್ದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ.