ಡಬ್ಬಿಯ ಕುಂಬಳ, ಡಿಸೆಂಬರಿನ ಸ್ಟ್ರಾಬೆರಿ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಸಂಜೆಯ ಕಾಲ್‌ಗಳು ಇರೋದಿಲ್ಲ. ಅಮೆರಿಕದ ಕ್ಲೈಂಟ್‌ಗಳು ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿರ್ತಾರೆ. ಅಲ್ಲಿ ಆ ದಿನದ ಊಟದ ಕೊನೆಗೆ ಬರೋದು ಕುಂಬಳಕಾಯಿ ಪೈ. ಬೇಯಿಸಿ ಅರೆದ ಸಿಹಿಗುಂಬಳಕ್ಕೆ ಹಾಲು, ಮೊಟ್ಟೆ, ಸಕ್ಕರೆ, ಚಕ್ಕೆ, ಲವಂಗ, ಶುಂಠಿ ಸೇರಿಸಿ, ಮೈದಾ ಹಿಟ್ಟಿನ ಅಚ್ಚಿನೊಳಗೆ ತುಂಬಿಸಿ ಬೇಕ್ ಮಾಡಿದ್ದು. ಇದಾಗಿ ಒಂದು ತಿಂಗಳಿಗೆ, ಡಿಸೆಂಬರ್ 24ರ ಸಂಜೆ, ಜಪಾನಿನ ರೈಲುಗಳಲ್ಲಿ ಜನ ಒಂದೊಂದು ಡಬ್ಬವನ್ನು ಅಲ್ಲಾಡದ ಹಾಗೆ ಹಿಡಿದುಕೊಂಡು ಮನೆಗೆ ಹೋಗ್ತಾರೆ. ಅದರೊಳಗೆ ಮೆತ್ತನೆಯ ಸ್ಪಾಂಜ್, ಬಿಳಿ ಕ್ರೀಮು, ಮೇಲೆ ಕೆಂಪು ಸ್ಟ್ರಾಬೆರಿ. ಕ್ರೈಸ್ತರು ನೂರಕ್ಕೆ ಒಬ್ಬರಷ್ಟೇ ಇರುವ ದೇಶದ ಕ್ರಿಸ್‌ಮಸ್ ಕೇಕ್ ಇದು.

ಪೈ ನೋಡಿದರೆ ಅಜ್ಜಿ, ಹೊಲ, ಸುಗ್ಗಿ ನೆನಪಾಗಬೇಕು, ಅದು ಅಮೆರಿಕದವರ ಆಸೆ. ಕೇಕ್ ನೋಡಿದರೆ ಒಳ್ಳೆ ದಿನ ಬಂತು ಅನ್ನಿಸಬೇಕು, ಅದು ಜಪಾನಿನವರ ಆಸೆ. ಎರಡರಲ್ಲಿ ಯಾವುದು ಹಳೆಯದು ಅಂತ ಕೇಳಿದರೆ ಪೈ ಅಂತೀವಿ. ಅದು ಸರಿಯೇ. ಆದರೆ ನಾವಂದುಕೊಂಡ ರೀತಿಯಲ್ಲಿ ಅಲ್ಲ.

1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದ ವಲಸಿಗರೂ ಅಲ್ಲಿನ ವಾಂಪನೋಗ್ ಜನರೂ ಕೂತು ಉಂಡ ಆ ಪ್ರಸಿದ್ಧ ಊಟದಲ್ಲಿ ಪೈ ಇದ್ದಿರಲಾರದು. ಕುಂಬಳವೇನೋ ಅದೇ ಖಂಡದ ಬೆಳೆ. (ನಾವು ಹುಳಿ, ಪಲ್ಯಕ್ಕೆ ಹಾಕೋ ಸಿಹಿಗುಂಬಳವೂ ಮೆಣಸಿನಕಾಯಿ ಹಾಗೆ ಅಲ್ಲಿಂದಲೇ ಹಡಗು ಹತ್ತಿ ಬಂದದ್ದು.) ಆದರೆ ಪೈಗೆ ಬೇಕಾದ ಗೋಧಿ ಹಿಟ್ಟು, ಬೆಣ್ಣೆ, ಸಕ್ಕರೆ ಅವರ ಹತ್ತಿರ ಎಲ್ಲಿತ್ತು? ಅಮೆರಿಕದಲ್ಲಿ ಅಮೆರಿಕದವರೇ ಬರೆದ ಮೊದಲ ಅಡುಗೆ ಪುಸ್ತಕ ಅನ್ನಿಸಿಕೊಂಡ ಅಮೇಲಿಯಾ ಸಿಮನ್ಸ್‌ರ ‘ಅಮೆರಿಕನ್ ಕುಕರಿ’ ಬಂದದ್ದು 1796ರಲ್ಲಿ. ಇವತ್ತಿನ ಪೈಗೆ ಹತ್ತಿರದ ರೆಸಿಪಿ ಅದರಲ್ಲಿ ಸಿಗುತ್ತೆ, ‘ಪುಡಿಂಗ್’ ಅನ್ನೋ ಹೆಸರಲ್ಲಿ.

ಇದನ್ನು ಹಬ್ಬಕ್ಕೆ ಕಟ್ಟಿಹಾಕಿದವರಲ್ಲಿ ಮುಖ್ಯರು ಸಾರಾ ಜೋಸೆಫಾ ಹೇಲ್. 1827ರಲ್ಲಿ ಬಂದ ಅವರ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟದ ಉದ್ದನೆಯ ವರ್ಣನೆಯಿದೆ, ಕುಂಬಳದ ಪೈಗೆ ಅಲ್ಲಿ ಮರ್ಯಾದೆಯ ಜಾಗ. ಉತ್ತರದ ರಾಜ್ಯಗಳ ಬದುಕನ್ನೂ ದಕ್ಷಿಣದ ಗುಲಾಮಗಿರಿಯನ್ನೂ ಎದುರುಬದುರು ಇಟ್ಟು ಬರೆದ ಕಾದಂಬರಿ ಅದು. ಆಮೇಲೆ ಹೇಲ್ ಪತ್ರಿಕೆಯೊಂದರ ಸಂಪಾದಕಿಯಾಗಿ, ಇದು ಇಡೀ ದೇಶದ ಹಬ್ಬವಾಗಲಿ ಅಂತ ವರ್ಷಗಟ್ಟಲೆ ಬರೆದರು, ರಾಜ್ಯಪಾಲರಿಗೂ ಅಧ್ಯಕ್ಷರಿಗೂ ಪತ್ರ ಹಾಕಿದರು. ಲಿಂಕನ್ ಘೋಷಣೆ ಹೊರಡಿಸಿದ್ದು 1863ರಲ್ಲಿ, ಅಂತರ್ಯುದ್ಧದ ನಟ್ಟನಡುವೆ.

ದಕ್ಷಿಣದ ಬಿಳಿಯರಿಗೆ ಇದು ರುಚಿಸಲಿಲ್ಲ. ಯುದ್ಧಕ್ಕೂ ಮುಂಚೆಯೇ, 1856ರಲ್ಲಿ, ವರ್ಜೀನಿಯಾದ ಗವರ್ನರ್ ಹೆನ್ರಿ ವೈಸ್ ಹಬ್ಬ ಘೋಷಿಸಲು ಒಪ್ಪಿರಲಿಲ್ಲ. ಇದು ನ್ಯೂ ಇಂಗ್ಲೆಂಡಿನವರ ಹಬ್ಬ, ಗುಲಾಮಗಿರಿ ವಿರೋಧಿಗಳ ಹಬ್ಬ ಅನ್ನೋ ಗುಮಾನಿ ಅಲ್ಲಿ ಗಟ್ಟಿಯಾಗಿತ್ತು. ಹಬ್ಬದ ಪೈಯನ್ನು ಹಾಡಿ ಹೊಗಳಿದ ಲಿಡಿಯಾ ಮಾರಿಯಾ ಚೈಲ್ಡ್ ಗುಲಾಮಗಿರಿಯ ವಿರುದ್ಧ ದೊಡ್ಡ ದನಿ ಆಗಿದ್ದವರು, ಹಾಗಾಗಿ ಗುಮಾನಿ ಪೂರ್ತಿ ಸುಳ್ಳೂ ಅಲ್ಲ. ದಕ್ಷಿಣದ ಮೇಜಿನ ಮೇಲೆ ಇವತ್ತಿಗೂ ಗೆಣಸಿನ ಪೈಗೇ ಹೆಚ್ಚು ಮರ್ಯಾದೆ. ಅದನ್ನು ಬೆಳೆಸಿದ್ದು ಬಹುಪಾಲು ಕಪ್ಪು ಹೆಂಗಸರ ಕೈ. ಗುಲಾಮಗಿರಿಯಲ್ಲಿ ಹುಟ್ಟಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ನೆಲೆಸಿದ ಆಬಿ ಫಿಶರ್ ಅವರ 1881ರ ಅಡುಗೆ ಪುಸ್ತಕದಲ್ಲಿ ಗೆಣಸಿನ ಪೈ ಇದೆ. ಅವರಿಗೆ ಓದು ಬರಹ ಬರ್ತಿರಲಿಲ್ಲ, ಬಾಯಲ್ಲಿ ಹೇಳಿ ಬರೆಸಿದ ಪುಸ್ತಕ. ‘ಅಮೆರಿಕದ ಹಬ್ಬದ ಸಿಹಿ’ ಅಂತ ಒಂದೇ ಉಸಿರಲ್ಲಿ ಹೇಳೋರಿಗೆ ಈ ಪುಸ್ತಕ ತೋರಿಸಬೇಕು ಅನ್ಸುತ್ತೆ ನನಗೆ.

ಇನ್ನು ಅಜ್ಜಿಯ ಕೈರುಚಿ. ಲಿಬ್ಬೀಸ್ ಕಂಪನಿ 1929ರಲ್ಲಿ ಡಬ್ಬಿ ಕುಂಬಳದ ವ್ಯಾಪಾರಕ್ಕೆ ಇಳಿಯಿತು. 1950ರಿಂದ ಪೈ ಮಾಡೋ ವಿಧಾನವನ್ನು ಡಬ್ಬಿಯ ಮೇಲೇ ಅಚ್ಚು ಹಾಕಿಸ್ತಾ ಬಂತು. ಎಷ್ಟೋ ಮನೆಗಳ ‘ನಮ್ಮಜ್ಜಿ ರೆಸಿಪಿ’ ಅಂದ್ರೆ ಇದೇ. ಡಬ್ಬಿಯೊಳಗಿರೋದು ಹ್ಯಾಲೋವೀನ್‌ಗೆ ಕಣ್ಣು ಬಾಯಿ ಕೊರೆಯೋ ಕಿತ್ತಳೆ ಬಣ್ಣದ ಕುಂಬಳ ಅಲ್ಲ, ಡಿಕಿನ್ಸನ್ ಅನ್ನೋ ಉದ್ದನೆಯ, ಮಾಸಲು ಬಣ್ಣದ ತಳಿ. ಅದು ಬೆಳೆಯೋದು ಹೆಚ್ಚಾಗಿ ಇಲಿನಾಯ್ ರಾಜ್ಯದ ಮಾರ್ಟನ್ ಎಂಬ ಸಣ್ಣ ಊರಿನ ಸುತ್ತಮುತ್ತ. 2009ರಲ್ಲಿ ಅಲ್ಲಿ ಸುಗ್ಗಿ ಹೊತ್ತಿಗೆ ವಿಪರೀತ ಮಳೆ ಬಂತು, ಟ್ರ್ಯಾಕ್ಟರುಗಳು ಕೆಸರಲ್ಲಿ ಹೂತವು, ಇಡೀ ದೇಶದ ಅಂಗಡಿಗಳಲ್ಲಿ ಡಬ್ಬಿಗೆ ತತ್ವಾರ ಆಯ್ತು. ಮನೆಮನೆಯ ಪೈ ಅಂತ ಹೇಳಿಕೊಳ್ಳೋದು ನಿಂತಿರೋದು ಒಂದು ಊರಿನ ಹೊಲಗಳ ಮೇಲೆ.

ಜಪಾನಿನ ಕೇಕ್ ಇಂಥ ವೇಷವನ್ನೇ ಹಾಕಲಿಲ್ಲ. ಮೊದಲಿಂದಲೂ ಅದು ಅಂಗಡಿಯದೇ. ಫುಜಿಯಾ ಎಂಬ ಮಿಠಾಯಿ ಅಂಗಡಿ 1910ರಲ್ಲಿ ಯೊಕೊಹಾಮಾದಲ್ಲಿ ಶುರುವಾಯ್ತು. 1922ರಿಂದ ಶಾರ್ಟ್‌ಕೇಕ್ ಮಾರಿದ್ದೀವಿ ಅಂತ ಆ ಕಂಪನಿ ಹೇಳುತ್ತೆ. ಕೊಲಂಬನ್ ಅನ್ನೋ ಇನ್ನೊಂದು ಅಂಗಡಿಯವರು ಆ ಕೀರ್ತಿ ನಮ್ಮದು ಅಂತಾರೆ, ಇರ್ಲಿ. ಡಿಸೆಂಬರ್ 25 ಅಲ್ಲಿ ರಜೆಯಲ್ಲ, ಆದರೆ ಒಂದು ಕಾಲದಲ್ಲಿ ರಜೆ ಇತ್ತು. ಯೇಸುವಿಗಾಗಿ ಅಲ್ಲ. ತೈಶೋ ಚಕ್ರವರ್ತಿ ತೀರಿಕೊಂಡದ್ದು 1926ರ ಅದೇ ದಿನ, ಅದಕ್ಕೇ 1927ರಿಂದ ಎರಡು ದಶಕ ಆ ದಿನ ರಜೆ.

ಕೇಕ್ ಹಬ್ಬದ ತಿಂಡಿ ಆಗಿದ್ದು ಯುದ್ಧ ಸೋತ ಮೇಲೆ, ಹಸಿವಿನಲ್ಲಿ. 1895ರಿಂದ ಜಪಾನಿನ ವಸಾಹತಾಗಿದ್ದ ತೈವಾನ್ ಅದರ ಸಕ್ಕರೆ ಕಣಜ. 1945ರಲ್ಲಿ ತೈವಾನ್ ಕೈಬಿಟ್ಟಿತು, ಸಕ್ಕರೆಯೂ ಹೋಯ್ತು. ಮಕ್ಕಳು ಅಮೆರಿಕನ್ ಸೈನಿಕರ ಜೀಪಿನ ಹಿಂದೆ ಚಾಕಲೇಟಿಗಾಗಿ ಓಡುತ್ತಿದ್ದ ಕಾಲ. ಸಕ್ಕರೆ ರೇಷನ್ ಮುಗಿದದ್ದು 1952ರಲ್ಲಿ, ಅಮೆರಿಕದ ಸೇನಾಡಳಿತ ಮುಗಿದ ವರ್ಷವೇ. ಅಲ್ಲಿಂದ ಮುಂದೆ ಅಪ್ಪ ಡಿಸೆಂಬರಿನಲ್ಲಿ ಕೇಕ್ ತಂದ ಅಂದ್ರೆ ಮನೆ ಸುಧಾರಿಸಿತು ಅಂತ ಅರ್ಥ. ಮೊದಮೊದಲು ಬೆಣ್ಣೆ ಕ್ರೀಮಿನ ಕೇಕ್, ಅದು ಹೊರಗಿಟ್ಟರೂ ಕೆಡಲ್ಲ. ಅಂಗಡಿಗೆ ಫ್ರಿಜ್ ಬಂದು, ಆಮೇಲೆ ಟಿವಿ, ವಾಷಿಂಗ್ ಮಷಿನ್ ಜೊತೆ ಮನೆಗೂ ಫ್ರಿಜ್ ಬಂದ ಮೇಲೆಯೇ ಹಾಲಿನ ಕೆನೆಯ ಕೇಕ್ ಗೆದ್ದದ್ದು. ಬಿಳಿ ಮೇಲೆ ಕೆಂಪು ಜಪಾನಿನಲ್ಲಿ ಮಂಗಳದ ಬಣ್ಣಗಳು, ಬಾವುಟದ್ದೂ ಅದೇ ಬಣ್ಣ.

ಸ್ಟ್ರಾಬೆರಿ ಕಥೆ ಇನ್ನೂ ಸ್ವಾರಸ್ಯ. ಬಯಲಲ್ಲಿ ಬೆಳೆದರೆ ಅದು ವಸಂತದ ಕೊನೆಯ ಹಣ್ಣು. ಕೇಕಿಗೆ ಬೇಕಾಗೋದು ಡಿಸೆಂಬರಿಗೆ. ಪ್ಲಾಸ್ಟಿಕ್ ಹಸಿರುಮನೆ ಕಟ್ಟಿದರು, ಬೇಗ ಹೂಬಿಡೋ ತಳಿ ಮಾಡಿದರು, ಬೇಸಿಗೆಯಲ್ಲೇ ಸಸಿಗಳನ್ನು ಬೆಟ್ಟದ ತಂಪಿಗೆ ಹೊತ್ತೊಯ್ದು ಚಳಿಗಾಲ ಬಂತು ಅಂತ ಅವಕ್ಕೆ ನಂಬಿಸಿದರು. ಈಗ ಅಲ್ಲಿ ಸ್ಟ್ರಾಬೆರಿ ಸೀಸನ್ ಅಂದ್ರೆ ಚಳಿಗಾಲವೇ. ಬೇಸಿಗೆಯಲ್ಲಿ ಕೇಕಿಗೆ ಹಣ್ಣು ಸಾಲದೆ ಅಮೆರಿಕದಿಂದ ತರಿಸ್ತಾರೆ. ಹಬ್ಬ ಋತುವನ್ನು ಹಿಂಬಾಲಿಸೋದು ಕೇಳಿದ್ದೀವಿ, ಇಲ್ಲಿ ಬೆಳೆಯೇ ಹಬ್ಬದ ಹಿಂದೆ ಬಂತು.

ಈ ಕೇಕಿಗೆ ಕಹಿಯೂ ಇದೆ. 25 ದಾಟಿಯೂ ಮದುವೆಯಾಗದ ಹೆಣ್ಣನ್ನು ‘ಕ್ರಿಸ್‌ಮಸ್ ಕೇಕ್’ ಅಂತ ಗೇಲಿ ಮಾಡೋದು 1980ರ ದಶಕದಲ್ಲಿ ಮಾಮೂಲಾಗಿತ್ತು, 25ನೇ ತಾರೀಖಿನ ನಂತರ ಯಾರಿಗೂ ಬೇಡ ಅಂತ. ಆಫೀಸಿನಲ್ಲಿ ಪಕ್ಕದ ಸೀಟಿನವನೇ ಹೀಗೆ ಹೇಳಿ ನಗೋದನ್ನು ಊಹಿಸಿಕೊಳ್ಳಿ. ಈಗ ಅಲ್ಲಿ ಹೆಣ್ಣುಮಕ್ಕಳ ಮೊದಲ ಮದುವೆಯ ಸರಾಸರಿ ವಯಸ್ಸು 29 ದಾಟಿದೆ, ಜೋಕು ತಾನಾಗೇ ಹಳಸಿತು. ಮಾರಾಟದ ಗುರಿ ಮುಟ್ಟಿಸೋಕೆ ಅಂಗಡಿಯ ಪಾರ್ಟ್‌ಟೈಮ್ ಹುಡುಗ ಹುಡುಗಿಯರಿಂದಲೇ ಕೇಕ್ ಕೊಳ್ಳಿಸಿದ ಪ್ರಕರಣಗಳು ಮಾತ್ರ ಈಚಿನವರೆಗೂ ವರದಿಯಾಗಿವೆ.

ಇಷ್ಟಾದರೂ ಆಯ್ಕೆ ಕೊಟ್ಟರೆ ನಾನು ಕೇಕಿನ ಕಡೆ. ಅದು ಯಾರ ಅಜ್ಜಿಯ ಹೆಸರನ್ನೂ ಹೇಳಿಕೊಳ್ಳಲ್ಲ.

ಅಂದಹಾಗೆ ನಿಮ್ಮ ಫೋನಿನಲ್ಲಿ ಕೇಕ್ ತುಂಡಿನ ಇಮೋಜಿ ಇದೆಯಲ್ಲ, ಬಿಳಿ ಕ್ರೀಮು, ಮೇಲೊಂದು ಸ್ಟ್ರಾಬೆರಿ, ಅದು ಜಪಾನಿನ ಮೊಬೈಲುಗಳಿಂದಲೇ ಬಂದದ್ದು. ಯೂನಿಕೋಡ್‌ನಲ್ಲಿ ಅದರ ಹೆಸರು ‘ಶಾರ್ಟ್‌ಕೇಕ್’. ಅಮೆರಿಕದವರ ಶಾರ್ಟ್‌ಕೇಕ್ ಸಾಮಾನ್ಯವಾಗಿ ಹೀಗಿರಲ್ಲ, ಉದುರುದುರಾದ ಬಿಸ್ಕತ್ತಿನಂಥದ್ದನ್ನು ಸೀಳಿ ಹಣ್ಣು ತುಂಬಿರ್ತಾರೆ, ತಿನ್ನೋದು ಬೇಸಿಗೆಯಲ್ಲಿ. ಈ ಕೇಕ್ ಯೂನಿಕೋಡ್ ಸೇರಿದ್ದು 2010ರಲ್ಲಿ. ಪೈಗೆ ಅಲ್ಲಿ ಜಾಗ ಸಿಗೋಕೆ 2017 ಆಯ್ತು.