ಕಲ್ಲು ಬೀಳೋ ರಸ್ತೆಗೆ ಟೋಲ್ ಯಾಕೆ?

ಟೋಲ್ ಗೇಟ್ ಅಂದ ತಕ್ಷಣ ನಮಗೆ ನೆನಪಾಗೋದು ಏನು? ಉದ್ದ ಕ್ಯೂ, ಸ್ಕ್ಯಾನ್ ಆಗದ ಫಾಸ್ಟ್ಯಾಗ್, ಹಿಂದಿನಿಂದ ಹಾರ್ನ್. ಬೇಗ ತಲುಪೋದಕ್ಕೆ ನಾವು ದುಡ್ಡು ಕೊಡ್ತೀವಿ ಅನ್ನೋದು ಇಲ್ಲಿನ ಲೆಕ್ಕ. ಆದರೆ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಪಕ್ಕದಲ್ಲಿ ಒಂದು ಟೋಲ್ ರಸ್ತೆ ಇದೆ. ಅಲ್ಲಿಗೆ ಬರೋ ಹೆಚ್ಚಿನವರು ದುಡ್ಡು ಕೊಡೋದು ನಿಧಾನವಾಗಿ ಹೋಗಲಿಕ್ಕೆ. ಉದ್ದ ಬರೀ 9 ಕಿಲೋಮೀಟರ್, ತಿರುವು 114. ಒಂದು ಕಡೆ ನೇರವಾಗಿ ಎದ್ದು ನಿಂತ ಬೆಟ್ಟ, ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರ. ಹೆಸರು ಚಾಪ್‌ಮನ್ಸ್ ಪೀಕ್ ಡ್ರೈವ್. ಊರಿನವರು ಪ್ರೀತಿಯಿಂದ 'ಚಾಪೀಸ್' ಅಂತಾರೆ.

ಈ ರಸ್ತೆಯ ಫೋಟೋಗಳನ್ನ ನೀವು ನೋಡಿರ್ತೀರಿ. ಕಾರಿನ ಜಾಹೀರಾತು ತೆಗೆಯೋರಿಗೆ ಇದು ತವರುಮನೆ ಇದ್ದ ಹಾಗೆ. ಆದರೆ ನನಗೆ ಇದರ ಚೆಲುವಿಗಿಂತ ಇದರ ಲೆಕ್ಕಪತ್ರವೇ ಹೆಚ್ಚು ಕುತೂಹಲ ಹುಟ್ಟಿಸಿದ್ದು. ನೂರು ವರ್ಷಗಳಿಂದ ಈ ರಸ್ತೆ ಒಂದೇ ಪ್ರಶ್ನೆಯನ್ನ ಬೇರೆ ಬೇರೆ ರೂಪದಲ್ಲಿ ಕೇಳ್ತಾ ಬಂದಿದೆ. ಬೆಟ್ಟದಿಂದ ಒಂದು ಕಲ್ಲು ಉರುಳಿ ಯಾರದೋ ತಲೆ ಮೇಲೆ ಬಿದ್ದರೆ, ಅದು ವಿಧಿಯೋ, ಇಲ್ಲಾ ಯಾರದಾದರೂ ತಪ್ಪೋ?

ಮೊದಲು ಹೆಸರಿನ ಕಥೆ. ಚಾಪ್‌ಮನ್ ಅನ್ನೋನು ರಸ್ತೆ ಕಟ್ಟಿದವನೂ ಅಲ್ಲ, ಬೆಟ್ಟ ಹತ್ತಿದವನೂ ಅಲ್ಲ. 1607ರಲ್ಲಿ 'ಕನ್ಸೆಂಟ್' ಎಂಬ ಇಂಗ್ಲಿಷ್ ಹಡಗು ಈ ಕೊಲ್ಲಿಯ ಎದುರು ನಿಂತಾಗ, ಇಲ್ಲಿ ಲಂಗರು ಹಾಕಬಹುದಾ ನೋಡ್ಕೊಂಡು ಬಾ ಅಂತ ಜಾನ್ ಚಾಪ್‌ಮನ್ ಎಂಬ ನಾವಿಕನನ್ನ ಸಣ್ಣ ದೋಣಿಯಲ್ಲಿ ಕಳಿಸಿದರು. ಅವನು ಹೋದ, ನೋಡಿದ, ವಾಪಸ್ ಬಂದ. ಅಷ್ಟೇ. ನಕ್ಷೆಯಲ್ಲಿ 'ಚಾಪ್‌ಮನ್ಸ್ ಚಾನ್ಸ್' ಅಂತ ಬರೆದುಕೊಂಡರು. ದಕ್ಷಿಣ ಆಫ್ರಿಕಾದಲ್ಲಿ ಉಳಿದುಬಂದಿರೋ ಅತಿ ಹಳೆಯ ಇಂಗ್ಲಿಷ್ ಸ್ಥಳನಾಮ ಇದೇ ಅಂತ ಹೇಳೋದುಂಟು. ಒಂದು ದಿನದ ಫೀಲ್ಡ್ ವಿಸಿಟ್‌ಗೆ ಒಂದು ಇಡೀ ಶಿಖರ! ನಾಲ್ಕು ಶತಮಾನ ಉಳಿಯೋ ಇಂಥ ಅಪ್ರೈಸಲ್ ನಮ್ಮಲ್ಲಿ ಯಾರಿಗೆ ಸಿಕ್ಕಿದೆ?

ರಸ್ತೆಯ ಕನಸು ಕಂಡವನು ಸರ್ ಫ್ರೆಡರಿಕ್ ಡ ವಾಲ್. 1910ರಲ್ಲಿ ದಕ್ಷಿಣ ಆಫ್ರಿಕಾ ಒಕ್ಕೂಟ ಆದ ಮೇಲೆ ಕೇಪ್ ಪ್ರಾಂತ್ಯದ ಮೊದಲ ಆಡಳಿತಾಧಿಕಾರಿ ಆದವನು. ಕೇಪ್ ಪರ್ಯಾಯ ದ್ವೀಪವನ್ನ ಸುತ್ತಿ ಬರೋ ಒಂದು ರಸ್ತೆ ಬೇಕು ಅನ್ನೋದು ಅವನ ಹಟ. ಉತ್ತರಕ್ಕೆ ಹೌಟ್ ಬೇ, ದಕ್ಷಿಣಕ್ಕೆ ನೂರ್ಡ್‌ಹುಕ್, ನಡುವೆ ಸಮುದ್ರಕ್ಕೆ ಇಳಿಯೋ ಕಡಿದಾದ ಬಂಡೆ. ಇಲ್ಲಿ ರಸ್ತೆ ಸಾಧ್ಯವಿಲ್ಲ ಅಂತ ಮೊದಲು ನೋಡಿ ಬಂದವರು ಕೈಯಾಡಿಸಿದರು. ಡ ವಾಲ್ ಕೇಳಲಿಲ್ಲ. ಚಾರ್ಲ್ ಮರೇ ಎಂಬ ಸರ್ವೆಯರ್ ಆ ಇಳಿಜಾರಿನಲ್ಲಿ ತೆವಳುತ್ತಾ ಅಳತೆ ಮಾಡಿದ. ರಾಬರ್ಟ್ ಗ್ಲೆಂಡೇ ಎಂಜಿನಿಯರ್. 1915ರಲ್ಲಿ, ಅಂದ್ರೆ ಮೊದಲ ಮಹಾಯುದ್ಧ ನಡೀತಿದ್ದಾಗಲೇ, ಹೌಟ್ ಬೇ ಕಡೆಯಿಂದ ಕೆಲಸ ಶುರುವಾಯಿತು. ಮರುವರ್ಷ ನೂರ್ಡ್‌ಹುಕ್ ಕಡೆಯಿಂದಲೂ ಕಡಿಯತೊಡಗಿದರು.

ಕಡಿದವರು ಯಾರು? ಕೈದಿಗಳು. ಯುದ್ಧದ ಕಾಲ, ಖಜಾನೆಯಲ್ಲಿ ದುಡ್ಡಿಲ್ಲ, ಜೈಲಿನಿಂದ ಆಳುಗಳನ್ನ ತಂದರೆ ಖರ್ಚು ಕಡಿಮೆ. ಏಳು ವರ್ಷದ ಕೆಲಸ ಸುಮಾರು 20,000 ಪೌಂಡ್‌ನಲ್ಲಿ ಮುಗಿದಿದ್ದರ ಗುಟ್ಟು ಇದೇ. 1922ರ ಮೇ 6ರಂದು ಗವರ್ನರ್ ಜನರಲ್ ಆಗಿದ್ದ ರಾಜಕುಮಾರ ಆರ್ಥರ್ ಆಫ್ ಕನಾಟ್ ಬಂದು ರಸ್ತೆಯನ್ನ ಉದ್ಘಾಟಿಸಿದ. ದೋಣಿ ಹುಟ್ಟು ಹಾಕಿದವನಿಗೆ ಶಿಖರ ಸಿಕ್ಕಿತು, ಡ ವಾಲ್‌ಗೆ ನಗರದೊಳಗಿನ ಇನ್ನೊಂದು ರಸ್ತೆ ಸಿಕ್ಕಿತು. ಸುತ್ತಿಗೆ ಹಿಡಿದವರು ನಾನು ಓದಿದ ಬರಹಗಳಲ್ಲಿ 'ಕೈದಿ ಕಾರ್ಮಿಕರು' ಅನ್ನೋ ಎರಡೇ ಪದದಲ್ಲಿ ಮುಗಿದುಹೋಗ್ತಾರೆ. (ಡ ವಾಲ್ ಹೆಸರಿನ ಆ ರಸ್ತೆಗೆ 2017ರಲ್ಲಿ ಫಿಲಿಪ್ ಕ್ಗೊಸಾನಾ ಅಂತ ಮರುನಾಮಕರಣ ಆಯಿತು. 1960ರ ಮಾರ್ಚ್ 30ರಂದು ಪಾಸ್ ಕಾನೂನಿನ ವಿರುದ್ಧ ಸುಮಾರು 30,000 ಜನರ ಮೆರವಣಿಗೆಯನ್ನ ಅದೇ ದಾರಿಯಲ್ಲಿ ನಡೆಸಿದ ಯುವಕ ಅವನು. ಹೆಸರು ಬದಲಾಯಿಸೋದ್ರಿಂದ ಏನಾಗುತ್ತೆ ಅಂತ ಕೇಳೋರಿಗೆ ನನ್ನ ಹತ್ತಿರ ಇರೋ ಒಳ್ಳೆ ಉದಾಹರಣೆ ಇದು.)

ಈಗ ಸ್ವಲ್ಪ ಕಲ್ಲಿನ ವಿಚಾರ, ಯಾಕಂದ್ರೆ ಇಡೀ ಕಥೆಯ ಬೀಗದ ಕೈ ಅಲ್ಲೇ ಇದೆ. ಈ ಬೆಟ್ಟದ ಬುಡದಲ್ಲಿರೋದು ಗ್ರಾನೈಟ್, 50 ಕೋಟಿ ವರ್ಷಕ್ಕೂ ಹಳೆಯದು, ಗಟ್ಟಿ ಅಂದ್ರೆ ಗಟ್ಟಿ. ಅದರ ಮೇಲೆ ಪದರ ಪದರವಾಗಿ ಕೂತಿರೋದು ಮರಳುಗಲ್ಲು, ಜೇಡಿಗಲ್ಲು. ಎರಡೂ ಸೇರುವ ಗೆರೆ ಬೆಟ್ಟದ ಹೊಟ್ಟೆಗೆ ಸೊಂಟಪಟ್ಟಿ ಕಟ್ಟಿದ ಹಾಗೆ ಹೆಚ್ಚು ಕಡಿಮೆ ಅಡ್ಡಡ್ಡ ಹೋಗುತ್ತೆ. ರಸ್ತೆ ಕಟ್ಟಿದವರು ಬಹುಭಾಗ ಆ ಗೆರೆಯನ್ನೇ ಹಿಡಿದರು. ಕೆಳಗೆ ಗ್ರಾನೈಟಿನ ಭದ್ರ ತಳಪಾಯ, ಮೇಲಿನ ಮೆತ್ತನೆ ಪದರವನ್ನ ಕಡಿದರೆ ಸಾಕು. ಬುದ್ಧಿವಂತಿಕೆಯ ಕೆಲಸವೇ. ಆದರೆ ಸುಲಭವಾಗಿ ಕಡಿಯಲಿಕ್ಕೆ ಬಂದ ಆ ಪದರಗಲ್ಲು ಸುಲಭವಾಗಿ ಕಳಚಿ ಬೀಳಲಿಕ್ಕೂ ತಯಾರಾಗಿತ್ತು. ಮಳೆ ನೀರು ಸಂದಿಗೆ ಇಳಿಯುತ್ತೆ, ಗಿಡದ ಬೇರು ಬಿರುಕನ್ನ ಅಗಲ ಮಾಡುತ್ತೆ, ಒಂದು ದಿನ ಕಲ್ಲು ಹೊರಡುತ್ತೆ. ಕಟ್ಟೋ ಖರ್ಚನ್ನ ಉಳಿಸಿದ್ದು ಯಾವುದೋ, ನಿರ್ವಹಣೆಯ ಖರ್ಚನ್ನ ಏರಿಸಿದ್ದೂ ಅದೇ. ಸಾಫ್ಟ್‌ವೇರ್‌ನವರು ಇದಕ್ಕೆ ಟೆಕ್ನಿಕಲ್ ಡೆಟ್ ಅಂತಾರೆ. ಇಲ್ಲಿ ಅದು ಟನ್ ಲೆಕ್ಕದಲ್ಲಿ ಮೇಲಿನಿಂದ ಬೀಳುತ್ತೆ.

ದಶಕಗಳ ಕಾಲ ಆಡಳಿತದ ನಿಲುವು ನಮಗೆ ಗೊತ್ತಿರೋದೇ: ಬೆಟ್ಟ ಅಂದಮೇಲೆ ಕಲ್ಲು ಬೀಳುತ್ತೆ, ಬಿದ್ದರೆ ಎತ್ತಿ ಪಕ್ಕಕ್ಕೆ ಹಾಕೋಣ. ಆದರೆ 1990ರ ದಶಕದಲ್ಲಿ, ಜೋರು ಮಳೆಗೆ ಉರುಳಿದ ಬಂಡೆಯಿಂದ ಗಾಯಗೊಂಡ ಒಬ್ಬ ವಾಹನ ಸವಾರ ಸುಮ್ಮನಾಗಲಿಲ್ಲ. ರಸ್ತೆ ನೋಡಿಕೊಳ್ತಿದ್ದ ಮಹಾನಗರ ಮಂಡಳಿಯ ಮೇಲೆ ಕೇಸು ಹಾಕಿದ. ಅದು ಸುಪ್ರೀಂ ಕೋರ್ಟ್ ಆಫ್ ಅಪೀಲ್‌ವರೆಗೂ ಹೋಯಿತು, ಮಂಡಳಿ ಸೋತಿತು. ಮಳೆ ಜೋರಾದಾಗ ಕಲ್ಲು ಬೀಳುತ್ತೆ ಅಂತ ನಿಮಗೆ ಗೊತ್ತಿತ್ತು, ಗೊತ್ತಿದ್ದ ಮೇಲೆ ರಸ್ತೆ ಮುಚ್ಚಬೇಕಿತ್ತು ಅನ್ನೋದು ತೀರ್ಪಿನ ತಿರುಳು. ಬೆಟ್ಟವನ್ನ ಹಿಡಿದು ನಿಲ್ಲಿಸಿ ಅಂತ ಯಾರೂ ಕೇಳಲಿಲ್ಲ ನೋಡಿ. ಗೇಟ್ ಹಾಕಿ ಅಂತ ಕೇಳಿದ್ದು, ಅಷ್ಟೇ.

ಈ ಕೇಸು ಇನ್ನೂ ಮೇಲ್ಮನವಿಯಲ್ಲಿ ಇರುವಾಗಲೇ 1999ರ ಡಿಸೆಂಬರ್‌ನಲ್ಲಿ ಬಂಡೆ ಬಿದ್ದು ಒಬ್ಬರು ಸತ್ತರು. ಮರುತಿಂಗಳು, 2000ದ ಜನವರಿಯಲ್ಲಿ, ಕೇಪ್ ಬೆಟ್ಟಗಳಿಗೆ ದೊಡ್ಡ ಬೆಂಕಿ ಬಿತ್ತು. ಮಣ್ಣನ್ನೂ ಸಣ್ಣ ಕಲ್ಲನ್ನೂ ಹಿಡಿದುಕೊಂಡಿದ್ದ ಪೊದೆಗಳು ಸುಟ್ಟುಹೋದವು. ಸರ್ಕಾರ ರಸ್ತೆಯನ್ನ ಪೂರ್ತಿ ಮುಚ್ಚಿತು. ಸುಮಾರು ನಾಲ್ಕು ವರ್ಷ! ಅಷ್ಟು ದಿನವೂ ನೂರ್ಡ್‌ಹುಕ್ ಕಡೆಗೆ ಕೆಲಸಕ್ಕೆ ಹೋಗೋರು ಬೆಟ್ಟ ಸುತ್ತಿ ಹೋದರು. ಆ ರಸ್ತೆಯ ಮೇಲೆ ನಡೆಯೋ ಪ್ರಸಿದ್ಧ ಸೈಕಲ್ ರೇಸ್, ಟೂ ಓಷನ್ಸ್ ಮ್ಯಾರಥಾನ್ ಕೂಡ 'ಔ ಕಾಪ್ಸ ವೆಗ್' ಎಂಬ ಇನ್ನೊಂದು ಘಟ್ಟದ ದಾರಿ ಹಿಡಿಯಬೇಕಾಯಿತು.

ರಿಪೇರಿಗೆ ದುಡ್ಡು ಎಲ್ಲಿಂದ ತರೋದು? ಆಗ ಮಂಡೇಲಾ ನಂತರದ ಹೊಸ ದಕ್ಷಿಣ ಆಫ್ರಿಕಾ. ಶಾಲೆ, ಮನೆ, ನೀರು ಕೇಳ್ತಾ ಲಕ್ಷಾಂತರ ಜನ ಸಾಲಲ್ಲಿ ನಿಂತಿದ್ದಾರೆ. ಹೌಟ್ ಬೇ ಊರಲ್ಲೇ ಒಂದು ಕಡೆ ಬಂಗಲೆಗಳು, ಇನ್ನೊಂದು ಕಡೆ ಇಮಿಜಾಮೊ ಯೆತು ಎಂಬ ತಗಡಿನ ಶೆಡ್‌ಗಳ ವಸತಿ. ಅಂಥ ಹೊತ್ತಲ್ಲಿ ನೋಟ ನೋಡೋ ರಸ್ತೆಗೆ ಸಾರ್ವಜನಿಕ ಹಣ ಸುರಿಯೋದು ಹೇಗೆ? ಪ್ರಾಂತ್ಯ 1999ರಲ್ಲೇ ಟೋಲ್ ರಸ್ತೆ ಕಾಯ್ದೆ ಮಾಡಿಕೊಂಡಿತ್ತು. ಅದರ ಕೆಳಗೆ ಎಂಟಿಲಿನಿ ಎಂಬ ಖಾಸಗಿ ಕೂಟಕ್ಕೆ 30 ವರ್ಷದ ಗುತ್ತಿಗೆ ಕೊಟ್ಟರು: ವಿನ್ಯಾಸ ನಿಮ್ಮದು, ರಿಪೇರಿ ನಿಮ್ಮದು, ನಡೆಸೋದು ನಿಮ್ಮದು, ಟೋಲ್ ವಸೂಲಿ ನಿಮ್ಮದು. 2003ರ ಡಿಸೆಂಬರ್ 20ರಂದು ರಸ್ತೆ ಮತ್ತೆ ತೆರೆಯಿತು. ಯಾರು ನೋಡಲಿಕ್ಕೆ ಬರ್ತಾರೋ ಅವರೇ ಕೊಡಲಿ ಅನ್ನೋ ತರ್ಕ ನನಗಂತೂ ಒಪ್ಪಿಗೆಯೇ.

ಎಂಜಿನಿಯರುಗಳು ಮಾಡಿದ ಕೆಲಸ ಮಾತ್ರ ನಿಜಕ್ಕೂ ನೋಡೋ ಹಾಗಿದೆ. ಬಂಡೆ ಹೆಚ್ಚು ಸಡಿಲ ಇರೋ ಒಂದು ಕಡೆ ಬೆಟ್ಟದೊಳಗೆ ಅರ್ಧ ಸುರಂಗ ಕೊರೆದಿದ್ದಾರೆ. ತಲೆ ಮೇಲೆ ಕಲ್ಲಿನ ಚಾವಣಿ, ಆದರೆ ಸಮುದ್ರದ ಕಡೆ ಗೋಡೆಯೇ ಇಲ್ಲ. ಇಳಿಜಾರಿನ ಮೇಲೆಲ್ಲ ಉಕ್ಕಿನ ಉಂಗುರಗಳ ಬಲೆ. ಇಂಥ ಬಲೆಯ ಮೂಲ ಯುದ್ಧಕಾಲದಲ್ಲಿ ಜಲಾಂತರ್ಗಾಮಿಗಳನ್ನ ತಡೆಯಲಿಕ್ಕೆ ಬಂದರಿನ ಬಾಯಿಗೆ ಇಳಿಬಿಡ್ತಿದ್ದ ಬಲೆಗಳು. ಬಂಡೆ ಬಂದು ಬಡಿದರೆ ಗೋಡೆಯ ಹಾಗೆ ಎದುರು ನಿಲ್ಲಲ್ಲ, ಹಿಗ್ಗಿ ಜಗ್ಗಿ ವೇಗ ನುಂಗಿಕೊಳ್ಳುತ್ತೆ. ಹಾಗಂತ ಕಟ್ಟಿ ಕೈತೊಳೆದುಕೊಳ್ಳೋ ಕೆಲಸ ಅಲ್ಲ ಇದು. ತುಂಬಿದ ಬಲೆಯನ್ನ ಖಾಲಿ ಮಾಡಬೇಕು, ಉಪ್ಪುಗಾಳಿಗೆ ತುಕ್ಕು ಹಿಡಿದ ತಂತಿ ಬದಲಾಯಿಸಬೇಕು, ಹಗ್ಗಕ್ಕೆ ನೇತುಬಿದ್ದ ಜನ ಹಾರೆಕೋಲಿನಿಂದ ಸಡಿಲ ಕಲ್ಲುಗಳನ್ನ ತಾವೇ ಎಬ್ಬಿಸಿ ಬೀಳಿಸಬೇಕು. ಕೇಪ್‌ನಲ್ಲಿ ಮಳೆ ಬರೋದು ಅಲ್ಲಿನ ಚಳಿಗಾಲದಲ್ಲಿ, ಜೂನ್‌ನಿಂದ ಆಗಸ್ಟ್. ಮಳೆ, ಗಾಳಿ ಮಿತಿ ಮೀರಿದರೆ ಗೇಟ್ ಬಂದ್. ಬಿಸಿಲು ಬಂದ ತಕ್ಷಣ ತೆಗೆಯೋದೂ ಇಲ್ಲ, ಇಳಿಜಾರು ಪರೀಕ್ಷೆ ಆಗಬೇಕು.

ನಾನು ಆ ರಸ್ತೆಯಲ್ಲಿ ಹೋಗಿದ್ದು ಒಂದು ಸಲ, ಆಫೀಸ್ ಕೆಲಸ ಮುಗಿಸಿಕೊಂಡು, ಬಾಡಿಗೆ ಕಾರಲ್ಲಿ. ಹೋಗೋರಿಗೆ ಒಂದು ಉಪಯುಕ್ತ ಮಾಹಿತಿ: ಅಲ್ಲೂ ನಮ್ಮ ಹಾಗೆ ಎಡಕ್ಕೇ ಓಡಿಸೋದು, ಹಾಗಾಗಿ ನೂರ್ಡ್‌ಹುಕ್‌ನಿಂದ ಹೌಟ್ ಬೇ ಕಡೆಗೆ ಬಂದರೆ ಸಮುದ್ರದ ಬದಿಯ ಲೇನ್ ನಿಮ್ಮದು. ಸೈಕಲ್‌ನವರಿಗೆ, ನಡೆಯೋರಿಗೆ ಟೋಲ್ ಇಲ್ಲ.

ಎಲ್ಲ ಸುಖವಾಗಿ ನಡೀತು ಅಂತಲೂ ಅಲ್ಲ. ರಸ್ತೆ ಮುಚ್ಚಿದ ದಿನ ಟೋಲ್ ಬರಲ್ಲ, ಆ ನಷ್ಟ ಯಾರದು? ಒಪ್ಪಂದದ ಪ್ರಕಾರ ಪ್ರಾಂತ್ಯ ಸರ್ಕಾರ ಕಂಪನಿಗೆ ತುಂಬಿಕೊಡಬೇಕಾಗಿ ಬಂತು. ನೋಡಲಿಕ್ಕೆ ಬಂದವರು ಕೊಡ್ತಾರೆ ಅಂತ ಶುರುವಾದದ್ದು ಕೊನೆಗೆ ತೆರಿಗೆದಾರರ ಜೇಬಿಗೂ ಬಂದರೆ ಜನ ಸಿಟ್ಟಾಗದೆ ಇರ್ತಾರಾ? 2012ರಲ್ಲಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಟೋಲ್ ಪ್ಲಾಜಾ ಕಟ್ಟಡ ಏಳಲಿಕ್ಕೆ ಶುರುವಾದಾಗ ಹೌಟ್ ಬೇ ಜನ ಬೀದಿಗಿಳಿದರು. ಬೆಟ್ಟದ ಮೇಲೆ ಆಫೀಸ್ ಯಾಕೆ ಅನ್ನೋದು ಅವರ ಪ್ರಶ್ನೆ. ಕಟ್ಟಡ ಎದ್ದೇ ಎದ್ದಿತು. ಆದರೆ ನನಗೆ ಆ ಒಪ್ಪಂದದ ಆ ಕಲಮು, ಎಷ್ಟೇ ದುಬಾರಿ ಇರಲಿ, ಪೂರ್ತಿ ಕೆಟ್ಟದ್ದು ಅನ್ನಿಸಲ್ಲ. ಗೇಟ್ ಹಾಕಿದರೆ ತನ್ನ ಗಂಟೇ ಹೋಗುತ್ತೆ ಅಂತಾದರೆ, ಮಳೆ ಸುರೀತಿರುವಾಗ ಗೇಟ್ ಹಾಕೋ ಮ್ಯಾನೇಜರ್ ಎಷ್ಟು ಜನ ಇರ್ತಾರೆ?

ಇದನ್ನ ಓದ್ತಾ ನನಗೆ ಶಿರೂರು ನೆನಪಾಗದೆ ಇರಲಿಲ್ಲ. 2024ರ ಜುಲೈ 16, ಅಂಕೋಲಾ ತಾಲೂಕು, ಹೆದ್ದಾರಿ 66. ಮಳೆಗೆ ಗುಡ್ಡ ಜಾರಿ ಚಹಾದ ಅಂಗಡಿ, ನಿಂತಿದ್ದ ಲಾರಿ, ಜನ ಎಲ್ಲ ಮಣ್ಣಿನ ಕೆಳಗೆ, ಗಂಗಾವಳಿಯ ಒಳಗೆ. ನದಿಯೊಳಗಿನ ಒಂದು ಲಾರಿಯನ್ನೂ ಅದರ ಚಾಲಕನ ದೇಹವನ್ನೂ ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅಲ್ಲೂ ಕರಾವಳಿ, ಅಲ್ಲೂ ಕಡಿದ ಗುಡ್ಡದ ಬುಡದ ರಸ್ತೆ. ಮಳೆ ಎಷ್ಟು ಮಿಲಿಮೀಟರ್ ದಾಟಿದರೆ ಗಾಡಿ ನಿಲ್ಲಿಸಬೇಕು, ನಿಲ್ಲಿಸೋ ಅಧಿಕಾರ ಯಾರ ಕೈಯಲ್ಲಿ ಅನ್ನೋದನ್ನ ನಮ್ಮ ಟೋಲ್ ರಸೀದಿ ನಮಗೆ ಹೇಳಲ್ಲ.

ಚಾಪ್‌ಮನ್ಸ್ ಪೀಕ್‌ನ 30 ವರ್ಷದ ಗುತ್ತಿಗೆ 2030ರ ದಶಕದ ಮೊದಲ ವರ್ಷಗಳಲ್ಲಿ ಮುಗಿಯುತ್ತೆ. ಆಮೇಲೆ ಆ ಗೇಟಿನ ಕೀಲಿ ಮತ್ತೆ ಪ್ರಾಂತ್ಯದ ಕೈಗೆ. ಅಷ್ಟರೊಳಗೆ ಇನ್ನೂ ಹಲವು ಮಳೆಗಾಲ ಇವೆ. ಹಗ್ಗಕ್ಕೆ ನೇತುಬಿದ್ದವರು ಹಾರೆಕೋಲು ಆಡಿಸ್ತಾ ಇರ್ತಾರೆ.